ಗಡಿನಾಡಿನ ಸುಬೇದಾರ ಖಾನ್ ಜಹಾನ್ ಲೋದಿ

1526ರ ಪಾಣಿಪತ್ ಕದನದಲ್ಲಿ ಇಬ್ರಾಹಿಂ ಲೋದಿಯು ಬಾಬರನಿಗೆ ಸೋತು ಮಡಿದಾಗ ದೆಹಲಿಯ ಲೋದಿ ಅರಸೊತ್ತಿಗೆ ಕೊನೆಗೊಂಡಿತು. 1540ರಲ್ಲಿ ಶೇರ್ ಷಾಹ ಸೂರನು ಬಾಬರನ ಮಗ ಹುಮಾಯೂನನನ್ನು ಸೋಲಿಸಿ ರಾಜ್ಯಭ್ರಷ್ಟನನ್ನಾಗಿ ಮಾಡಿದನು. ಲೋದಿಗಳೂ ಸೂರರೂ ಆಫ್ಘನ್ನರು, ಎಂದರೆ ಪಠಾಣ ಕುಲದವರು. ಈ ಹಗೆತನದ ನೆನಪು ಮೊಗಲರ ಮನಸ್ಸಿನಿಂದ ಬೇಗನೆ ಮಾಸಲಿಲ್ಲ. ಅವರ ದರ್ಬಾರಿನಲ್ಲಿ ಇರಾನಿನವರಿಗೂ ರಜಪೂತರಿಗೂ ದೊರೆತ ಉನ್ನತ ಸ್ಥಾನವು ಆಫ್ಘನ್ನರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಇಂಥ ಕಾಲದಲ್ಲಿ ಲೋದಿ ಕುಲದ ಸರದಾರನೊಬ್ಬನು ಸಾಮ್ರಾಜ್ಯದ ಅಗ್ರಪಂಕ್ತಿಗೇರಿದನು. ಆತನೇ ಖಾನ್ ಜಹಾನ್ ಲೋದಿ.

ಆತನ ಮೊದಲ ಹೆಸರು ಪೀರ್ ಖಾನ್. ತಂದೆ ದೌಲತ್ ಖಾನ್ ಲೋದಿಯು ಪ್ರಸಿದ್ಧ ಸೇನಾನಿ ಅಬ್ದುರ್ ರಹೀಮ್ ಖಾನ್‌ಖಾನಾನನ ಸೇವೆಯಲ್ಲಿದ್ದನು. 1605ರಲ್ಲಿ ಪಟ್ಟವೇರಿದ ಜಹಾಂಗೀರನು ತರುಣ ಪೀರ್ ಖಾನನಲ್ಲಿ ವಿಶೇಷ ವಿಶ್ವಾಸವನ್ನಿರಿಸಿದನು. ಮೊದಲು ಸಲಾಬತ್ ಖಾನ್, ಅನಂತರ ಖಾನ್ ಜಹಾನ್ ಎಂಬ ಬಿರುದುಗಳನ್ನಿತ್ತನು. ಮಗನೆಂದೇ ಕರೆದು ಗೌರವಿಸಿದನು.

ಸಾಮ್ರಾಜ್ಯದ ಗಡಿಯನ್ನು ಕಾಯುವ ಸುಬೇದಾರನ ಹೊಣೆ ಸಾಮಾನ್ಯವಾದುದಲ್ಲ. ರಾಜಧಾನಿ ದೂರ, ಶತ್ರು ಸಮೀಪ. ಅಪ್ಪಣೆಗಾಗಿ ಕಾದರೆ ಕೋಟೆ ಕೈಬಿಡುವ ಭಯ. ಕಾಯದೆ ನಡೆದರೆ ದ್ರೋಹದ ಆರೋಪ. ಈ ಇಕ್ಕಟ್ಟನ್ನು ಖಾನ್ ಜಹಾನನು ಸಾಮ್ರಾಜ್ಯದ ಎರಡು ಅಂಚುಗಳಲ್ಲಿಯೂ ಅನುಭವಿಸಿದನು. ದಖ್ಖನಿನಲ್ಲಿ ಅಹಮದ್‌ನಗರದ ಮಂತ್ರಿ ಮಲಿಕ್ ಅಂಬರನ ಗೆರಿಲ್ಲಾ ಯುದ್ಧದೆದುರು ಮೊಗಲ್ ಸೇನೆ ಬಸವಳಿಯಿತು. ವಾಯವ್ಯದಲ್ಲಿ ಆತನು ಮುಲ್ತಾನಿನ ಸುಬೇದಾರನಾಗಿದ್ದಾಗಲೇ, 1622ರಲ್ಲಿ, ಇರಾನಿನ ಷಾಹ ಅಬ್ಬಾಸನು ಕಂದಹಾರವನ್ನು ವಶಪಡಿಸಿಕೊಂಡನು. ನೆರವಿಗೆ ಹೊರಡಬೇಕಾಗಿದ್ದ ರಾಜಕುಮಾರ ಖುರ್ರಮನು ತಂದೆಯ ವಿರುದ್ಧವೇ ದಂಗೆಯೆದ್ದುದರಿಂದ ಕಂದಹಾರದ ರಕ್ಷಣೆ ಸಾಧ್ಯವಾಗಲಿಲ್ಲ.

ಆ ಖುರ್ರಮನೇ ಮುಂದೆ ಷಾಹಜಹಾನ್ ಬಾದಷಹನಾದನು. 1627ರಲ್ಲಿ ಜಹಾಂಗೀರನು ತೀರಿಕೊಂಡಾಗ ಖಾನ್ ಜಹಾನನು ಬುರ್ಹಾನ್‌ಪುರದಲ್ಲಿ ದಖ್ಖನಿನ ಅಧಿಕಾರಿಯಾಗಿದ್ದನು. ಹಣ ಪಡೆದು ಬಾಲಾಘಾಟ್ ಪ್ರದೇಶವನ್ನು ನಿಜಾಮಶಾಹಿಗೆ ಬಿಟ್ಟುಕೊಟ್ಟನೆಂಬ ಅಪವಾದ ಆಗಲೇ ಆತನ ಮೇಲಿತ್ತು. ಸಿಂಹಾಸನದತ್ತ ಹೊರಟಿದ್ದ ಖುರ್ರಮನ ದೂತನು ಬಂದಾಗ ಆತನು ಸ್ಪಷ್ಟ ಉತ್ತರವೀಯಲಿಲ್ಲ. ಒಂದು ಗಳಿಗೆಯ ಆ ಅನಿಶ್ಚಯವೇ ಆತನ ಬಾಳಿನ ದಿಕ್ಕನ್ನು ಬದಲಿಸಿತು.

ಷಾಹಜಹಾನನು ಮೇಲುನೋಟಕ್ಕೆ ಕ್ಷಮಿಸಿದನು. ಆದರೆ ಆಗ್ರಾಕ್ಕೆ ಮರಳಿದ ಖಾನ್ ಜಹಾನನಿಗೆ ಹಿಂದಿನ ಆದರ ದೊರೆಯಲಿಲ್ಲ. ಬಂಧನದ ವದಂತಿ ಹಬ್ಬಿತು. ಬಾದಷಹನು ಅಭಯಪತ್ರವಿತ್ತರೂ ಸಂಶಯ ನೀಗಲಿಲ್ಲ. 1629ರ ಅಕ್ಟೋಬರಿನ ಒಂದು ರಾತ್ರಿ ಆತನು ಪರಿವಾರದೊಡನೆ ಆಗ್ರಾವನ್ನು ತೊರೆದನು. ಧೋಲ್‌ಪುರದ ಬಳಿ ಬೆನ್ನಟ್ಟಿದ ಸೇನೆಯೊಡನೆ ಕಾದಾಡಿ, ಮಕ್ಕಳನ್ನೂ ಬಂಧುಗಳನ್ನೂ ಕಳೆದುಕೊಂಡು, ಚಂಬಲ್ ನದಿಯನ್ನು ದಾಟಿದನು. ಬುಂದೇಲಖಂಡ, ಗೊಂಡವನಗಳ ಮೂಲಕ ಸಾಗಿ ನಿಜಾಮಶಾಹಿಯ ಆಶ್ರಯ ಪಡೆದನು. ಹಿಂದೆ ಯಾರ ವಿರುದ್ಧ ಹೋರಾಡಿದ್ದನೋ ಅವರೇ ಈಗ ಆಸರೆಯಾದರು. 1630ರಲ್ಲಿ ಷಾಹಜಹಾನನು ಸ್ವತಃ ಬುರ್ಹಾನ್‌ಪುರಕ್ಕೆ ಬಂದು ಬೀಡುಬಿಟ್ಟನು. ದಖ್ಖನಿನಲ್ಲಿ ನೆಲೆನಿಲ್ಲಲಾರದೆ ಮತ್ತೆ ಉತ್ತರಕ್ಕೆ ಓಡಿದ ಖಾನ್ ಜಹಾನನು 1631ರ ಆರಂಭದಲ್ಲಿ, ಇಂದಿನ ಉತ್ತರ ಪ್ರದೇಶದ ಬಾಂದಾ ಪ್ರಾಂತದ ಸಿಹೋಂದಾ ಎಂಬಲ್ಲಿ ಹೋರಾಡುತ್ತ ಮಡಿದನು. ಅದೇ ವರ್ಷ ಬುರ್ಹಾನ್‌ಪುರದ ಬೀಡಿನಲ್ಲಿಯೇ ಬೇಗಂ ಮುಮ್ತಾಜ್ ಮಹಲಳು ಪ್ರಸವಕಾಲದಲ್ಲಿ ಅಸುನೀಗಿದಳು. ಗೆದ್ದವನಿಗೂ ಆ ದಂಡಯಾತ್ರೆ ಸುಖ ತರಲಿಲ್ಲ.

ಖಾನ್ ಜಹಾನನ ಮತ್ತೊಂದು ಕಾರ್ಯವನ್ನು ಮರೆಯಲಾಗದು. ಆತನ ಆಶ್ರಯದಲ್ಲಿ ನಿಯಾಮತುಲ್ಲಾ ಎಂಬ ವಿದ್ವಾಂಸನು 1613ರ ಸುಮಾರಿಗೆ ಬುರ್ಹಾನ್‌ಪುರದಲ್ಲಿ ಆಫ್ಘನ್ನರ ಇತಿಹಾಸವನ್ನು ಫಾರಸಿಯಲ್ಲಿ ರಚಿಸಿದನು. ಲೋದಿ, ಸೂರ್ ಅರಸರ ಚರಿತ್ರೆ, ಕುಲಗಳ ವಂಶಾವಳಿ, ಆಫ್ಘನ್ ಸಂತರ ವೃತ್ತಾಂತ ಅದರಲ್ಲಿವೆ. ಆಫ್ಘನ್ನರು ಇಸ್ರೇಲಿನ ಸಂತತಿಯವರೆಂಬ ಅದರ ಹೇಳಿಕೆಯನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲವಾದರೂ, ಆ ಜನಾಂಗವು ತನ್ನನ್ನು ಹೇಗೆ ಕಂಡುಕೊಂಡಿತ್ತೆಂಬುದಕ್ಕೆ ಅದು ಅಮೂಲ್ಯ ಸಾಕ್ಷಿ. 1829ರಲ್ಲಿ ಬರ್ನ್‌ಹಾರ್ಡ್ ಡಾರ್ನ್ ಎಂಬ ವಿದ್ವಾಂಸನ ಇಂಗ್ಲಿಷ್ ಅನುವಾದವು ಪ್ರಕಟವಾಗತೊಡಗಿತು.

ಅರಸನ ವಿಶ್ವಾಸದಿಂದ ಬಂದ ಪದವಿ ಆ ವಿಶ್ವಾಸ ಕಳಚಿದೊಡನೆ ಹೋಯಿತು. ಸೈನ್ಯ, ಸಂಪತ್ತು, ಬಿರುದುಗಳಲ್ಲಿ ಒಂದೂ ಆತನನ್ನು ಕಾಯಲಿಲ್ಲ. ವಿದ್ವಾಂಸನೊಬ್ಬನಿಗೆ ನೀಡಿದ ಆಶ್ರಯ ಮಾತ್ರ ನಾಲ್ಕು ಶತಮಾನಗಳ ಬಳಿಕವೂ ಆತನ ಹೆಸರನ್ನು ಉಳಿಸಿಕೊಂಡಿದೆ.