ಕಡಲಿಲ್ಲದ ಕೋಫುವಿನಲ್ಲಿ ಸುಶಿಯ ಸುಗ್ಗಿ

ಜಪಾನಿನ 47 ಪ್ರಾಂತ್ಯಗಳಲ್ಲಿ ಕಡಲ ತೀರವೇ ಇಲ್ಲದವು ಬರೀ ಎಂಟು. ಅವುಗಳಲ್ಲೊಂದು ಯಮನಾಶಿ. ದಕ್ಷಿಣಕ್ಕೆ ಫ್ಯೂಜಿ ಪರ್ವತ, ಪಶ್ಚಿಮಕ್ಕೆ ಮೂರು ಸಾವಿರ ಮೀಟರು ದಾಟಿದ ಶಿಖರಗಳು, ನಡುವಿನ ಕಣಿವೆಯಲ್ಲಿ ಕೋಫು ನಗರ. ಎತ್ತ ನೋಡಿದರೂ ದ್ರಾಕ್ಷಿ ಚಪ್ಪರ, ಪೀಚ್ ತೋಟ. ಇಲ್ಲಿ ಹಸಿ ಮೀನಿಗೇನು ಕೆಲಸ ಎನ್ನುತ್ತೀರಾ? ಜನಸಂಖ್ಯೆಗೆ ಹೋಲಿಸಿ ಸುಶಿ ಅಂಗಡಿಗಳನ್ನು ಎಣಿಸಿದರೆ ಇಡೀ ಜಪಾನಿನ ಮುಂಚೂಣಿಯಲ್ಲಿ ನಿಲ್ಲುವುದು ಇದೇ ಯಮನಾಶಿ! ಕಡಲಂಚಿನ ಎಷ್ಟೋ ಪ್ರಾಂತ್ಯಗಳು ಇದರ ಹಿಂದೆ!

ಇದನ್ನು ಓದಿದಾಗ ನಾನು ನಂಬಲಿಲ್ಲ. ನಕ್ಷೆ ಹರಡಿಕೊಂಡು ಕೂತಮೇಲೆ ಗುಟ್ಟು ಬಿಚ್ಚತೊಡಗಿತು. ಫ್ಯೂಜಿಯ ಆಚೆ, ದಕ್ಷಿಣಕ್ಕೆ, ಸುರುಗಾ ಕೊಲ್ಲಿ. ಅಲ್ಲಿಂದ ಹೊರಟು, ಫ್ಯೂಜಿಯ ಪಶ್ಚಿಮದ ಬುಡ ಬಳಸಿ, ಮೊತೊಸು ಮತ್ತು ಶೋಜಿ ಸರೋವರಗಳ ಪಕ್ಕದಲ್ಲಿ ಹಾದು, ಘಟ್ಟ ಇಳಿದು ಕೋಫು ಸೇರುವ ಹಳೆಯ ದಾರಿಯೊಂದಿದೆ. ಹೆಸರು ನಕಾಮಿಚಿ. ಸುಮಾರು 80 ಕಿಲೋಮೀಟರು. ಶತಮಾನಗಳ ಹಿಂದಿನ ಎದೊ ಕಾಲದಲ್ಲಿ ಕೊಲ್ಲಿಯ ಮೀನು ಹೇರುಗುದುರೆಗಳ ಬೆನ್ನೇರಿ ರಾತ್ರಿಯಿಡೀ ಈ ದಾರಿಯಲ್ಲಿ ಸಾಗುತ್ತಿತ್ತು. ಯಾಕೆ ರಾತ್ರಿ? ಎತ್ತರದ ಆ ಬೆಟ್ಟದ ದಾರಿ ಇರುಳಲ್ಲಿ ತಣ್ಣಗಿರುತ್ತದೆ, ಮೀನು ಕೆಡುವುದಿಲ್ಲ. ಮಂಜುಗಡ್ಡೆಯ ಪೆಟ್ಟಿಗೆಯಿಲ್ಲದ ಕಾಲಕ್ಕೆ ಬೆಟ್ಟವೇ ಶೀತಲಗೃಹ! ಹಸಿ ಮೀನು ಕೆಡದೆ ತಲುಪಬಹುದಾದ ಕೊನೆಯ ಎಲ್ಲೆಯ ಮೇಲೇ ಕೋಫು ಕೂತಿತ್ತು. ಸಿಕ್ಕುವುದೇ ಕಷ್ಟವಾದ್ದರಿಂದ ಆಸೆ ಇನ್ನೂ ಬಲವಾಯಿತು. ಹಬ್ಬಕ್ಕೆ, ನೆಂಟರಿಗೆ, ಮದುವೆಗೆ ಮೀನೇ ಬೇಕು ಎನ್ನುವ ರುಚಿ ತಲೆಮಾರುಗಳಿಗೆ ಇಳಿಯಿತು.

ಅದೇ ದಾರಿಯ ಇನ್ನೊಂದು ಕೊಡುಗೆ ಅವಾಬಿ. ಬಂಡೆಗೆ ಕಚ್ಚಿಕೊಂಡು ಬದುಕುವ ಈ ದೊಡ್ಡ ಚಿಪ್ಪಿನ ಜೀವಿಯನ್ನು ಸೋಯಾ ರಸದಲ್ಲಿ ಮುಳುಗಿಸಿ ಪೀಪಾಯಿಯಲ್ಲಿ ಕಳಿಸುತ್ತಿದ್ದರಂತೆ. ಕುದುರೆಯ ಮೈಬಿಸಿಗೆ, ನಡಿಗೆಯ ಕುಲುಕಾಟಕ್ಕೆ ರಸ ಒಳಗಿಳಿದು, ಕೋಫು ತಲುಪುವಷ್ಟರಲ್ಲಿ ಹದವಾಗಿ ಪಕ್ವವಾಗಿರುತ್ತಿತ್ತು ಎಂದು ಊರಿನವರು ಹೇಳುತ್ತಾರೆ. ದಂತಕಥೆಯೇ ಇರಬಹುದು. ತಿನಿಸು ಮಾತ್ರ ಇವತ್ತಿಗೂ ಅಲ್ಲಿನ ಹೆಮ್ಮೆ.

ಈಗ ಕುದುರೆಗಳಿಲ್ಲ. ಜಪಾನಿನಲ್ಲೇ ಅತಿ ಹೆಚ್ಚು ಹೆಪ್ಪುಗಟ್ಟಿಸಿದ ಟ್ಯೂನಾ ಮೀನು ಇಳಿಯುವ ಶಿಮಿಜು ಬಂದರು ಅದೇ ಸುರುಗಾ ಕೊಲ್ಲಿಯಲ್ಲಿದೆ. ಸಾಗರದ ನಡುವೆ ಹಡಗಿನಲ್ಲೇ ಮೈನಸ್ 60 ಡಿಗ್ರಿಗೆ ಗಟ್ಟಿಯಾಗುವ ಆ ಮೀನಿನ ಬಣ್ಣವಾಗಲಿ ರುಚಿಯಾಗಲಿ ತಿಂಗಳುಗಟ್ಟಲೆ ಮಾಸುವುದಿಲ್ಲ. 2021ರ ಆಗಸ್ಟಿನಲ್ಲಿ ಶಿಮಿಜುವಿನಿಂದ ಯಮನಾಶಿಗೆ ಹೆದ್ದಾರಿ ಪೂರ್ತಿಯಾಯಿತು. ಒಂದಿರುಳಿನ ದಾರಿ ಈಗ ಒಂದೂವರೆ ಗಂಟೆಯ ಆಸುಪಾಸು!

ಇಷ್ಟೇ ಆಗಿದ್ದರೆ ಮೀನು ಬಂದ ಕಥೆ ಮಾತ್ರ ಆಗುತ್ತಿತ್ತು. ಬಂದ ಮೀನು ಅಂದಂದೇ ಖಾಲಿಯಾಗಬೇಕಲ್ಲ? ನನ್ನನ್ನು ಕುಣಿಸಿಬಿಟ್ಟಿದ್ದು ಇದೇ ಭಾಗ. ಯಮನಾಶಿಯಲ್ಲಿ ಮುಜಿನ್ ಎಂಬ ಪದ್ಧತಿ ಇನ್ನೂ ಜೀವಂತವಾಗಿದೆ. ಸಾಕ್ಷಾತ್ ನಮ್ಮ ಚೀಟಿ! ಗೆಳೆಯರು, ಸಹೋದ್ಯೋಗಿಗಳು, ಶಾಲೆಯ ಹಳೆಯ ಜೊತೆಗಾರರು ತಿಂಗಳಿಗೊಮ್ಮೆ ಸೇರಿ ಹಣ ಹಾಕುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಈಚೆಗೆ ಚೀಟಿಗಿಂತ ಊಟವೇ ಮುಖ್ಯ. ಗಲ್ಲಿಯ ಪುಟ್ಟ ಸುಶಿ ಅಂಗಡಿಗೂ ಹೀಗೆ ಖಾಯಂ ಗಿರಾಕಿಗಳು. ಮೀನು ಉಳಿಯದಿದ್ದರೆ ಹಳಸುವ ಮಾತೆಲ್ಲಿ? ಮಾರಾಟ ಖಾತ್ರಿಯಾದರೆ ಬೆಲೆ ಏರಿಸುವ ದರ್ದೆಲ್ಲಿ? ಒಳನಾಡಿನ ಯಾವುದೇ ಊರಿನಲ್ಲಿ ಸುಶಿ ಹುಡುಕುವಾಗ ನಾನು ಈಗ ಕಡಲು ಎಷ್ಟು ದೂರ ಎಂದು ಕೇಳುವುದಿಲ್ಲ. ಊರಿನವರು ಆ ಅಂಗಡಿಗೆ ಎಷ್ಟು ಸಲ ಬರುತ್ತಾರೆ ಎಂದು ಕೇಳುತ್ತೇನೆ.

ಹೋಗುವುದು ಸುಲಭ: ಟೋಕಿಯೊದ ಶಿಂಜುಕುವಿನಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಮಧ್ಯಾಹ್ನಕ್ಕೇ ಹೋಗಿ, ಆಗಿನ ತಟ್ಟೆ ಅಗ್ಗ. ಸುಶಿಯಲ್ಲಿ ನಾಮಿ, ಜೋ, ತೊಕುಜೋ ಎಂದು ದರ್ಜೆಗಳಿರುತ್ತವೆ. ಮೊದಲನೆಯದೇ ಎಲ್ಲಕ್ಕಿಂತ ಕಡಿಮೆ ಬೆಲೆಯದು, ಅದರಲ್ಲೂ ಸಾಮಾನ್ಯವಾಗಿ ಟ್ಯೂನಾ ಇರುತ್ತದೆ. ಜೊತೆಗೆ ಅದೇ ಕಣಿವೆಯ ಕೋಶು ದ್ರಾಕ್ಷಿಯ ಬಿಳಿ ವೈನ್ ಒಂದು ಲೋಟ ಹೇಳಿ. ಮತ್ತೊಂದು ಮಾತು: ಇಲ್ಲಿನ ಹಳೆಯ ಅಂಗಡಿಗಳಲ್ಲಿ ಸುಶಿಯ ಮೇಲೆ ಸಿಹಿಯಾದ ಗಟ್ಟಿ ಸೋಯಾ ರಸ ಸವರಿಯೇ ಕೊಡುವ ರೂಢಿಯಿದೆ. ಹಾಗೆ ಬಂದರೆ ಪಕ್ಕದ ಸೋಯಾ ಬಟ್ಟಲು ಮುಟ್ಟದೆ, ಹಾಗೇ ಎತ್ತಿ ಬಾಯಿಗಿಡಿ!