ಬುಡಬುಡಿಕೆಯ ಸಣ್ಣ ನಡು

ಅರಕೇರಾ, ದೇವದುರ್ಗ, ಮಾನ್ವಿ ಕಡೆಯವರಿಗೆ ಬುಡಬುಡಿಕೆ ಎಂದರೇನೆಂದು ಹೇಳಬೇಕಿಲ್ಲ. ನಸುಕಿನಲ್ಲಿ ಹಾಲಕ್ಕಿ ಶಕುನ ನುಡಿಯುತ್ತ ಬರುವವರ ಕೈಯ ಈ ಪುಟ್ಟ ವಾದ್ಯವನ್ನು ಭಿಕ್ಷೆಯ ಸದ್ದೆಂದು ತಳ್ಳಿಬಿಟ್ಟಿದ್ದೇವೆ. ಅದರ ಕಟ್ಟೋಣವನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ತುದಿಗಳು ಅಗಲ, ನಡು ಸಣ್ಣ. ಎರಡೂ ಬಾಯಿಗೆ ತೆಳು ತೊಗಲು. ಒಂದು ಬಾಯಿಂದ ಇನ್ನೊಂದಕ್ಕೆ ಅಂಕುಡೊಂಕಾಗಿ ಹಾಯ್ದ ಹುರಿ. ಹುರಿಗಳನ್ನೆಲ್ಲ ನಡುವಿನಲ್ಲಿ ಬಿಗಿಯುವ ಕಟ್ಟು. ಅಲ್ಲಿಂದಲೇ ಇಳಿದ ಗಂಟಿನ ದಾರ. ಮಣಿಕಟ್ಟು ತಿರುಗಿಸಿದರೆ ಗಂಟು ಎರಡೂ ಕಡೆ ಬಡಿಯುತ್ತದೆ. ಆ ನಡು ಸಣ್ಣಗಾದದ್ದು ಚೆಂದಕ್ಕಲ್ಲ, ಹುರಿಗಾಗಿ ಎಂಬುದು ನನ್ನ ವಾದ.

ಪಶ್ಚಿಮ ಆಫ್ರಿಕಾದ ಮಾತಾಡುವ ಮದ್ದಳೆಯಲ್ಲಿ ಇದು ಎದ್ದು ಕಾಣುತ್ತದೆ. ಯೊರುಬಾ ಜನರ ದುಂದುನ್, ಸೆನೆಗಲ್‌ನ ತಾಮಾ ಎರಡನ್ನೂ ಬಗಲಲ್ಲಿ ಅವುಚಿ ಬಾಗಿದ ಕೋಲಿನಿಂದ ಬಾರಿಸುತ್ತಾರೆ. ತೋಳಿನಿಂದ ಹುರಿ ಅದುಮಿದರೆ ತೊಗಲು ಬಿಗಿದು ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಯೊರುಬಾ ಮಾತಿನ ಮೂರು ಸ್ವರಮಟ್ಟಗಳು ಹಾಗೆಯೇ ಚರ್ಮದ ಮೇಲೆ ಮೂಡುತ್ತವೆ. ಕಂಪನದ ವೇಗ ಇಮ್ಮಡಿಯಾಗಲು ಬಿಗಿತ ನಾಲ್ಕು ಪಟ್ಟಾಗಬೇಕು. ಅಷ್ಟು ಬಿಗಿಯಬೇಕೆಂದರೆ ಹುರಿ ಒಳಗೆ ಸರಿಯಬೇಕು, ನಡು ದಪ್ಪವಾಗಿದ್ದರೆ ಅದಕ್ಕೆ ಜಾಗವೇ ಇರದು. ಬುಡಬುಡಿಕೆಯಲ್ಲಿ ಅಷ್ಟು ಏರಿಳಿತವಿಲ್ಲವಲ್ಲ, ನಡು ಬರೀ ಹಿಡಿಕೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಹಿಡಿಕೆ ಹೌದು, ಬರೀ ಹಿಡಿಕೆಯಲ್ಲ. ನಸುಕಿನ ಥಂಡಿಗೆ ತೆಳು ತೊಗಲು ತೇವ ಹೀರಿ ಸಡಿಲಾಗುತ್ತದೆ, ಸದ್ದು ಮಂಕಾಗುತ್ತದೆ. ಇದನ್ನು ಬಾರಿಸುವ ಹೊತ್ತೇ ಅದು! ತಬಲಾ ಬಿಗಿಯಲು ಗಟ್ಟೆ, ಸುತ್ತಿಗೆ ಬೇಕು. ಇಲ್ಲಿ ನಡುಗಟ್ಟು ಬಿಗಿದರೆ ಎರಡೂ ಬಾಯಿ ಒಟ್ಟಿಗೆ ಬಿಗಿಯುತ್ತವೆ. ಊರೂರು ನಡೆಯುವವನಿಗೆ ಇದಕ್ಕಿಂತ ಹಗುರ ಉಪಾಯ ನನಗೆ ತೋಚುವುದಿಲ್ಲ.

ಹಾಗಾದರೆ ಯಾರು ಯಾರಿಂದ ಕಲಿತರು? ರೂಪದ ಹೋಲಿಕೆಯೊಂದನ್ನೇ ನಂಬಿ ಎರವಲಿನ ಕಥೆ ಕಟ್ಟುವುದು ಸಲ್ಲದು. ನಮ್ಮಲ್ಲೂ ಈ ರೂಪ ಹಳೆಯದು: 13ನೇ ಶತಮಾನದ ಶಾರ್ಙ್ಗದೇವನ ಸಂಗೀತರತ್ನಾಕರ ಇದೇ ಕುಲದ ಹುಡುಕ್ಕವನ್ನು ವಿವರಿಸುತ್ತದೆ. ಕೊಡಗಿನಲ್ಲಿ ಬಾಳೋಪಾಟ್ ಹಾಡುವವರ ಕೈಯಲ್ಲಿ ಇದೇ ರೂಪದ ದುಡಿ ಇಂದಿಗೂ ಇದೆ. ದುಡಿಗೆ ನಾಡಿನ ಗೌರವ ಸಿಕ್ಕಿದೆ, ಡಮರುಗಕ್ಕೆ ಶಿವನ ಕೈ ಸಿಕ್ಕಿದೆ. ಅದೇ ಮೈಕಟ್ಟಿನ ಬುಡಬುಡಿಕೆಯನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದ್ದೇವೆ. ನಮ್ಮ ಜಾನಪದ ಮೇಳಗಳು ಅದನ್ನು ವೇಷದ ಭಾಗವಾಗಿ ಮೆರೆಸುವುದು ಬಿಟ್ಟು, ಕಟ್ಟಬಲ್ಲವರನ್ನೇ ಕರೆಸಿ ಹುರಿ ಬಿಗಿಯುವ ಕೆಲಸವನ್ನು ಜನರೆದುರು ಮಾಡಿಸಲಿ.