ಕಲೆ ಮುಟ್ಟದ ಗೆರೆ

ಕೆನ್ನೆ ಕಪ್ಪಿಟ್ಟರೆ ನಮ್ಮಲ್ಲಿ ಎಲ್ಲರೂ ಹೇಳುವುದು ‘ಬಂಗು’. ಮರುದಿನವೇ ಮೆಡಿಕಲ್ ಶಾಪಿನಿಂದ ಒಂದು ಟ್ಯೂಬ್ ಬರುತ್ತದೆ. ಹೆಚ್ಚಿನ ಸಲ ಅದು ಬಂಗೇ ಹೌದು. ಆದರೆ ಲೂಪಸ್ ಎಂಬ ಕಾಯಿಲೆ ಹಿಡಿಯುವುದೂ ಅದೇ ಜಾಗವನ್ನು: ಎರಡೂ ಕೆನ್ನೆ, ನಡುವೆ ಮೂಗಿನ ಮೇಲ್ಭಾಗ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರ. ನುರಿತ ಚರ್ಮವೈದ್ಯರು ಕಲೆಯಷ್ಟೇ ಗಮನವಿಟ್ಟು ಕಲೆಯಿಲ್ಲದ ಜಾಗವನ್ನೂ ನೋಡುತ್ತಾರೆ. ಮೂಗಿನ ಪಕ್ಕದಿಂದ ತುಟಿಯ ತುದಿಗೆ ಇಳಿಯುವ ಗೆರೆಯನ್ನು ಲೂಪಸ್ ಸಾಮಾನ್ಯವಾಗಿ ಮುಟ್ಟುವುದಿಲ್ಲ. ತಲೆಹೊಟ್ಟಿನ ನಂಟಿರುವ ಸೆಬೊರಿಕ್ ಡರ್ಮಟೈಟಿಸ್ ಬೀಡುಬಿಡುವುದೇ ಆ ಗೆರೆಯಲ್ಲಿ.

ಕೈಯೂ ಹೀಗೇ ಸಾಕ್ಷಿ ಹೇಳುತ್ತದೆ. ಬೆರಳ ಗಂಟುಗಳ ಮೇಲೆಯೇ ನೇರಳೆ ಬಣ್ಣದ ಚಪ್ಪಟೆ ಗುಳ್ಳೆಗಳೆದ್ದರೆ ಡರ್ಮಟೊಮಯೊಸೈಟಿಸ್ ಇರಬಹುದು. ಗಂಟುಗಳನ್ನು ಬಿಟ್ಟು ನಡುವಿನ ಚರ್ಮದಲ್ಲಿ ಕಲೆ ಕಂಡರೆ ಅನುಮಾನ ಲೂಪಸ್ ಕಡೆಗೆ ತಿರುಗುತ್ತದೆ. ಅಂತರ ಅರ್ಧ ಇಂಚೂ ಇರಲಿಕ್ಕಿಲ್ಲ, ಮುಂದಿನ ದಾರಿಯೇ ಬೇರೆ. ಮೊದಲನೆಯದರಲ್ಲಿ ತೊಡೆ, ಭುಜದ ಸ್ನಾಯುಗಳು ಸೋಲುತ್ತವೆ: ಕೂತಲ್ಲಿಂದ ಏಳುವುದು, ಕೈಯೆತ್ತಿ ತಲೆ ಬಾಚುವುದು ಕಷ್ಟ. ವಯಸ್ಕರಲ್ಲಾದರೆ ಒಳಗೆಲ್ಲಾದರೂ ಕ್ಯಾನ್ಸರ್ ಅಡಗಿದೆಯೇ ಎಂದೂ ಹುಡುಕಬೇಕು.

ಲೂಪಸ್ ಚರ್ಮದಲ್ಲಷ್ಟೇ ನಿಲ್ಲುವ ಕಾಯಿಲೆಯಲ್ಲವೆಂದು ವಿಯೆನ್ನಾದ ಚರ್ಮವೈದ್ಯ ಮೊರಿಟ್ಜ್ ಕಪೋಸಿ 1872ರಲ್ಲೇ ಬರೆದಿದ್ದರು. ಬಿಸಿಲಿನ ಅತಿನೇರಳೆ ಕಿರಣ ತಾಗಿ ಚರ್ಮದ ಕೋಶಗಳು ಸತ್ತಾಗ ಅವುಗಳ ನ್ಯೂಕ್ಲಿಯಸ್ಸಿನ ಸರಕು ಹೊರಬೀಳುತ್ತದೆ. ಲೂಪಸ್ ಇರುವವರ ರೋಗನಿರೋಧಕ ವ್ಯವಸ್ಥೆ ಅದನ್ನೇ ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ಛೂಬಿಡುತ್ತದೆ; ಇಂಟರ್‌ಫೆರಾನ್ ಏರಿ ಉರಿಯೂತ ಹೆಚ್ಚುತ್ತದೆ. ಜಾತ್ರೆಯ ಬಿಸಿಲಲ್ಲಿ ಒಂದು ದಿನ ನಿಂತು ಬಂದವರಿಗೆ ಕೆನ್ನೆಯ ಜೊತೆಗೆ ಕೀಲೂ ನೋಯತೊಡಗುವುದು ಹೀಗೆ.

ನಮಗೆ ಇನ್ನೊಂದು ತೊಡಕಿದೆ. ಪಠ್ಯಪುಸ್ತಕಗಳು ‘ಕೆಂಪು’ ಎನ್ನುವುದು ಬಿಳಿ ಚರ್ಮವನ್ನು ನೋಡಿ. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲಿ ಅದು ನೇರಳೆಯಾಗಿ, ಕಂದಾಗಿ, ಬೂದಾಗಿ ಕಾಣುತ್ತದೆ. ಬಂಗೆಂದು ಮೋಸಹೋಗುವುದು ಇಲ್ಲೇ. ಬಂಗು ಉರಿಯುವುದಿಲ್ಲ, ಊದುವುದಿಲ್ಲ. ಲೂಪಸ್ ಕಲೆ ಉರಿಯಬಹುದು, ಉಬ್ಬಲೂಬಹುದು. ಅದರ ಮೇಲೆ ಸ್ಟೀರಾಯ್ಡ್ ಕ್ರೀಮು ಹಚ್ಚುತ್ತಾ ಹೋದರೆ ಗುರುತೇ ಮಾಸುತ್ತದೆ, ಚರ್ಮ ತೆಳ್ಳಗಾಗುತ್ತದೆ. ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಇವತ್ತಿಗೂ ಎಷ್ಟೋ ಕಡೆ ಹೆಸರು ಹೇಳಿದರೆ ಸಾಕು, ಕೈಗೆ ಬರುತ್ತದೆ. ಇದನ್ನು ನೋಡಿಕೊಂಡು ಸುಮ್ಮನಿರಲು ಮನಸ್ಸಾಗದು.

ಏಕೆಂದರೆ ಹೀಗೆ ಕಳೆದುಹೋಗುವ ತಿಂಗಳುಗಳಲ್ಲಿ ಲೂಪಸ್ ನೋವೇ ಇಲ್ಲದೆ ಮೂತ್ರಪಿಂಡಕ್ಕೆ ಇಳಿದಿರಬಹುದು. ಕಲೆಯ ಜೊತೆ ಕೀಲುನೋವು, ಬಾಯಿಹುಣ್ಣು, ಕೂದಲುದುರುವಿಕೆ, ಬಿಡದ ಜ್ವರ ಸೇರಿದರೆ ವೈದ್ಯರು ಎಎನ್‌ಎ ರಕ್ತಪರೀಕ್ಷೆ ಬರೆಯುತ್ತಾರೆ. ಅದೊಂದೇ ತೀರ್ಪಲ್ಲ, ಆರೋಗ್ಯವಂತರಲ್ಲೂ ಪಾಸಿಟಿವ್ ಬರುವುದುಂಟು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬುದನ್ನಂತೂ ಊರಿನ ಸಣ್ಣ ಲ್ಯಾಬಿನಲ್ಲೇ ನೋಡಿಸಬಹುದು.